ಅಸಾಧಾರಣ ಸಾಕ್ಷ್ಯಗಳ ಪರೀಕ್ಷೆ
ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರೀಚಾ ಅವರು 1990ರಲ್ಲಿ ಪ್ರಕಟಿಸಿದ, ಪುನರ್ಜನ್ಮದ ಹೇಳಿಕೆಗಳನ್ನು ಕುರಿತ ಆಂಗ್ಲ ಗ್ರಂಥದ ವಿಷಯವು ಪುನರುತ್ಥಾನದ ನಿರೀಕ್ಷೆಯುಳ್ಳ ನಮಗೆ ಅನ್ಯವಾದುದು. ಅದರ ವಿಧಾನವಾದರೋ ಕಲಿಯತಕ್ಕದ್ದು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ನೇಮಿಸಿದ ಸಮಿತಿಯು ಪವಾಡಗಳನ್ನು ಪರೀಕ್ಷೆಗೆ ಒಡ್ಡಲು ಆಹ್ವಾನವಿತ್ತಿತು. ಸತ್ಯಸಾಯಿ ಬಾಬಾ ಅವರು ಅದನ್ನು ಅಂಗೀಕರಿಸದಿರಲು ಆ ಪರೀಕ್ಷೆ ನಡೆಯಲೇ ಇಲ್ಲ. ಪಸ್ರೀಚಾ ಅವರು ಸಾಕ್ಷಿಗಳ ಬಳಿಗೆ ತಾವೇ ಹೋದರು. ಪೂರ್ವಜನ್ಮ ನೆನಪಿದೆಯೆನ್ನುವ ಮಕ್ಕಳನ್ನೂ ಅವರ ಮನೆಯವರನ್ನೂ ಮೃತರ ಕುಟುಂಬದವರನ್ನೂ ವಿಚಾರಿಸಿ ಹೇಳಿಕೆಗಳನ್ನು ತಾಳೆ ನೋಡಿದರು. ಗ್ರಂಥದ ಬಲವು ಇದೇ. ಬಲಹೀನತೆಯೂ ಇಲ್ಲಿಯೇ ಇದೆ: ಸಂಶೋಧಕರು ಬರುವ ಮೊದಲೇ ಎರಡು ಕುಟುಂಬಗಳು ಭೇಟಿಯಾಗಿದ್ದರೆ, ಮಗು ನುಡಿದದ್ದಾವುದು, ಹಿರಿಯರು ಕೂಡಿಸಿದ್ದಾವುದು ಎಂದು ಬೇರ್ಪಡಿಸುವುದು ಕಷ್ಟ. ಭೇಟಿಗೆ ಮುಂಚೆಯೇ ಬರೆದಿಟ್ಟ ಹೇಳಿಕೆಗೆ ಹೆಚ್ಚಿನ ತೂಕವುಂಟು.

ಇದೇ ಅಳತೆಗೋಲನ್ನು ನಮ್ಮ ಸಭೆಗಳಿಗೂ ಹಿಡಿಯಬೇಕು. ಪುರವರದ ಸುತ್ತಿನ ಹಳ್ಳಿಯೊಂದರಲ್ಲಿ ಸ್ವಸ್ಥತೆಯ ಸಾಕ್ಷಿಯನ್ನು ಕೇಳುವ ಸಭಾಪಾಲಕನು, ರೋಗವನ್ನು ಗುರುತಿಸಿದವರಾರು, ಔಷಧ ನಡೆಯುತ್ತಿತ್ತೇ, ವರ್ಷದ ಮೇಲೆ ಸ್ಥಿತಿಯೇನು ಎಂಬುದನ್ನು ವಿಚಾರಿಸಿ ಬರೆದಿಡಲಿ. ಇದು ಅವಿಶ್ವಾಸವಲ್ಲ; ಶುದ್ಧನಾದ ಕುಷ್ಠರೋಗಿಯನ್ನು ಯಾಜಕನ ಬಳಿಗೆ ಕಳುಹಿಸಿದವನು ಕರ್ತನೇ. ನಾವು ಪರೀಕ್ಷಿಸದೆ ಸಾರಿದ ಸಾಕ್ಷಿಯನ್ನು ನಂಬಿ ರೋಗಿಯೊಬ್ಬನು ಔಷಧವನ್ನು ಬಿಟ್ಟರೆ, ಆ ಪ್ರಾಣದ ಲೆಕ್ಕವನ್ನು ದೇವರಿಗೆ ಒಪ್ಪಿಸಬೇಕಾದವರು ನಾವೇ.