ಸುರಂಗಮಾರ್ಗದ ಕೈಪಿಡಿ: ಒಂದು ವಿಮರ್ಶೆ

ದೂರದ ಗಣಕಯಂತ್ರವನ್ನು ವೆಬ್ ಸಂಚಾರದ ಮೂಲಕ ತಲುಪಲು ಬಳಸುವ ‘ಡಬ್ಲ್ಯುಎಸ್‌ಟನೆಲ್’ ಎಂಬ ಮುಕ್ತ ತಂತ್ರಾಂಶದ ಕೈಪಿಡಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇತಿಹಾಸ ವಿದ್ಯಾರ್ಥಿಗೆ ಇದು ಹೊರಗಿನ ವಿಷಯವೆಂದು ತೋರಬಹುದು. ಆದರೆ ಗುಂಡ್ಲುಪೇಟೆಯ ಅಧ್ಯಾಪಕನೊಬ್ಬನು ಚಾಮರಾಜನಗರದ ಕಾಲೇಜೊಂದರ ಗಣಕದಲ್ಲಿರುವ ಶಾಸನಪಾಠಗಳನ್ನು ಮನೆಯಿಂದಲೇ ಓದಬಯಸಿದನೆನ್ನೋಣ. ವಿದ್ಯಾರ್ಥಿಗಳ ಅಂಕಪಟ್ಟಿಗಳೂ ಅದೇ ಜಾಲದಲ್ಲಿರಬಹುದೆಂಬುದನ್ನು ಮರೆಯಲಾಗದು.

2011ರಲ್ಲಿ ಆರ್‌ಎಫ್‌ಸಿ 6455 ಎಂದು ಪ್ರಕಟವಾದ ವೆಬ್‌ಸಾಕೆಟ್ ನಿಯಮಾವಳಿ ಈ ಉಪಕರಣದ ತಳಹದಿ. ಸಾಮಾನ್ಯ ವೆಬ್ ಸಂಪರ್ಕವಾಗಿ ಆರಂಭವಾದುದು ಸರ್ವರಿನ ಒಪ್ಪಿಗೆಯಿಂದ ಉಭಯಮುಖ ಮಾರ್ಗವಾಗಿ ಮಾರ್ಪಡುತ್ತದೆ. 443ನೆಯ ಪೋರ್ಟಿನಲ್ಲಿ ಟಿಎಲ್‌ಎಸ್ ಗೂಢಲಿಪಿಯ ಮುಸುಕಿನಲ್ಲಿ ಅದು ಸಾಗುವಾಗ ಒಳಗಿನ ಸರಕು ಏನೆಂದು ನಡುವಿನ ಫೈರ್‌ವಾಲ್ ಸುಲಭವಾಗಿ ಅರಿಯದು. ಆದುದರಿಂದ ಕಾವಲಿನ ಹೊಣೆ ಬಹುಮಟ್ಟಿಗೆ ಸರ್ವರಿನ ಮೇಲೆಯೇ ಬೀಳುತ್ತದೆ.

ಕೈಪಿಡಿಯ ಭಾಷೆ ಸರಳ, ಉದಾಹರಣೆಗಳು ಪ್ರಯೋಜನಕರ. ದೋಷವಿರುವುದು ಕ್ರಮದಲ್ಲಿ. ಮೊದಲು ಕಲಿಸುವ ಅತಿ ಸರಳ ಆಜ್ಞೆಯು ಸರ್ವರನ್ನು ಯಾವ ನಿರ್ಬಂಧವೂ ಇಲ್ಲದೆ ತೆರೆದಿಡುತ್ತದೆ. ಪ್ರವೇಶಮಾರ್ಗಕ್ಕೆ ರಹಸ್ಯಪದವನ್ನು ಸೇರಿಸುವ ವಿಧಾನ ಬಹಳ ಮುಂದೆ ಬರುತ್ತದೆ. ತಾನು ಸೇರಿದ ಸರ್ವರ್ ನಿಜವಾದುದೇ ಎಂದು ಪ್ರಮಾಣಪತ್ರದಿಂದ ಪರೀಕ್ಷಿಸುವ ಕೆಲಸವನ್ನೂ ಬಳಕೆದಾರನು ಕೇಳಿದ ಹೊರತು ಉಪಕರಣವು ಮಾಡುವುದಿಲ್ಲ. ಸ್ವಂತ ಪ್ರಮಾಣಪತ್ರವನ್ನು ಬಳಸಬೇಕೆಂಬ ಸಲಹೆಯೇನೋ ಇದೆ. ಆದರೆ ಅದು ಸುರಂಗವನ್ನು ಅನ್ಯರ ಕಣ್ಣಿಗೆ ಮರೆಮಾಡುವ ಉಪಾಯಗಳ ನಡುವೆ ಸೇರಿದೆ. ಮರೆಯಾಗಿರುವುದು ಬೇರೆ, ಸುರಕ್ಷಿತವಾಗಿರುವುದು ಬೇರೆ. ಈ ಭೇದವನ್ನು ಕೈಪಿಡಿಯು ಸ್ಪಷ್ಟಪಡಿಸಿಲ್ಲವೆನ್ನದೆ ವಿಧಿಯಿಲ್ಲ.

ನಮ್ಮ ಪ್ರಾಂತ್ಯದ ನಿದರ್ಶನವೊಂದು ಇಲ್ಲಿ ಉಪಯುಕ್ತ. ಗುಂಡ್ಲುಪೇಟೆಯಿಂದ ಬಂಡೀಪುರದ ಅರಣ್ಯವನ್ನು ಹಾಯುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರನಿಷೇಧ 2009ರಲ್ಲಿ ಜಾರಿಗೆ ಬಂದಿತು. ಅಲ್ಲಿ ಎಲ್ಲವೂ ನಿಷಿದ್ಧವೆಂಬುದು ಸಾಮಾನ್ಯ ನಿಯಮ; ಆಂಬುಲೆನ್ಸ್ ಹಾಗೂ ಗೊತ್ತುಪಡಿಸಿದ ಕೆಲವೇ ಬಸ್ಸುಗಳಿಗೆ ವಿನಾಯಿತಿ. ಸರ್ವರಿನ ನಿಯಮವೂ ಇದೇ ಆಗಬೇಕು. ‘ರಿಸ್ಟ್ರಿಕ್ಟ್-ಟು’ ಎಂಬ ಸೂಚನೆಯಿಂದ ಇಂತಹ ಗಣಕದ ಇಂತಹ ಪೋರ್ಟಿಗೆ ಮಾತ್ರ ದಾರಿಯೆಂದು ವಿಧಿಸಬಹುದು. ಹಾಗೆ ಮಾಡಿದರೆ ಶಾಸನಪಾಠಕ್ಕೆಂದು ಬಂದವನು ಅಂಕಪಟ್ಟಿಯ ಕೊಠಡಿಗೆ ಕಾಲಿಡಲಾರನು. ಇದಕ್ಕೂ ಮೊದಲು ಕಾಲೇಜಿನ ಜಾಲದ ಮೇಲ್ವಿಚಾರಕರ ಅನುಮತಿ ಅವಶ್ಯ. ಅದಿಲ್ಲದ ಸುರಂಗ ಕನ್ನವೇ ಸರಿ.

ಗ್ರಂಥದ ಅಭಿಪ್ರಾಯವು ಅದರ ವಾಕ್ಯಗಳಲ್ಲಿರುವಂತೆ ಅದರ ಅನುಕ್ರಮದಲ್ಲಿಯೂ ಇರುತ್ತದೆ. ಬಹುಮಂದಿ ಓದುಗರು ಮೊದಲ ಆಜ್ಞೆ ಫಲಿಸಿದೊಡನೆ ಪುಟವನ್ನು ಮುಚ್ಚುತ್ತಾರೆ. ಆದ್ದರಿಂದ ಬೀಗದ ಅಧ್ಯಾಯವು ಬಾಗಿಲಿನ ಅಧ್ಯಾಯಕ್ಕಿಂತ ಮೊದಲು ಬರುವುದು ಯುಕ್ತ.