ಶಾಪವೆಂಬ ಋಣ: ಚರಿತ್ರೆ–ಪುರಾಣ ಬೆರೆತ ಕಿಶೋರ ಕಥನ ಮತ್ತು ಗಡಿನಾಡಿನ ಓದುಗ

ಚರಿತ್ರೆಯ ವ್ಯಕ್ತಿಗಳನ್ನು ಪುರಾಣಲೋಕದೊಳಗೆ ನಡೆದಾಡಿಸುವ ಕಿಶೋರ ಕಾದಂಬರಿ ಕಳೆದ ಎರಡು ದಶಕಗಳಲ್ಲಿ ಇಂಗ್ಲಿಷಿನಲ್ಲಿ ಜನಪ್ರಿಯ ಪ್ರಕಾರವಾಗಿ ಬೆಳೆದಿದೆ. ಅನುವಾದಗಳ ಮೂಲಕ ಭಾರತೀಯ ಭಾಷೆಗಳಿಗೂ ಬಂದಿದೆ. ಇಂಥ ಕೃತಿಗಳ ಬಗೆಗಿನ ಚರ್ಚೆ ಸಾಮಾನ್ಯವಾಗಿ ಒಂದೇ ಆತಂಕದ ಸುತ್ತ ನಡೆಯುತ್ತದೆ: ಕಲ್ಪನೆಯನ್ನು ಬೆರೆಸಿದರೆ ಎಳೆಯರು ಚರಿತ್ರೆಯನ್ನು ತಪ್ಪಾಗಿ ತಿಳಿಯುವುದಿಲ್ಲವೆ? ಆತಂಕ ಸಾಧುವಾದದ್ದೇ. ಆದರೆ ವಿಮರ್ಶೆಗೆ ಅಷ್ಟೇ ಸಾಲದು. ಬೆರಕೆ ನಡೆದಿದೆಯೇ ಎಂಬುದಕ್ಕಿಂತ, ಕೃತಿ ತನ್ನ ಅದ್ಭುತವನ್ನು ಎಲ್ಲಿ ಇರಿಸುತ್ತದೆ ಮತ್ತು ಯಾರ ಪರವಾಗಿ ಬಳಸುತ್ತದೆ ಎಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ.

ಉಮರ್ಗಾ, ನಿಲಂಗಾ, ಉದಗೀರಗಳ ಕನ್ನಡ ಮನೆಗಳ ಮಕ್ಕಳನ್ನು ಓದುಗರೆಂದು ಎಣಿಸಿದಾಗ ಈ ಪ್ರಶ್ನೆ ಮೊನಚಾಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ಅಹ್ಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ನಿಲಂಗಾ, ಉದಗೀರಗಳು ಇಂದು ಲಾತೂರ ಜಿಲ್ಲೆಯಲ್ಲಿವೆ. ಕಲ್ಯಾಣದ ನೆರೆಯ ಉಮರ್ಗಾ ಇರುವುದು ಧಾರಾಶಿವ ಜಿಲ್ಲೆಯಲ್ಲಿ. ರಾಷ್ಟ್ರಕೂಟರು ಬಿರುದಿನಲ್ಲಿ ಹೊತ್ತ ಲಟ್ಟಲೂರನ್ನು ವಿದ್ವಾಂಸರು ಇಂದಿನ ಲಾತೂರವೆಂದು ಗುರುತಿಸುತ್ತಾರೆ. ಆದರೂ ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ಮರಾಠಿಯನ್ನೂ ಆಡುವ ಮಗುವಿಗೆ ಹಳೆಯ ಕನ್ನಡ ಬಹುಮಟ್ಟಿಗೆ ಶಾಸನದ ಕಲ್ಲಿನ ಮೇಲೆ ಉಳಿದ, ತನಗೆ ಓದಲಾಗದ ಲಿಪಿಯಷ್ಟೇ. ಅದರ ಕೈಗೆ ಯಾವ ಬಗೆಯ ವೀರಕಥೆ ಸಿಗಬೇಕು ಎಂಬುದು ಕೇವಲ ರುಚಿಯ ಮಾತಲ್ಲ.

ಈಗ ಸುಲಭವಾಗಿ ಸಿಗುವ ಮಾದರಿಗಳು ಮುಖ್ಯವಾಗಿ ಎರಡು. ರಿಕ್ ರಿಯೊರ್ಡನ್ ಅವರ ಪರ್ಸಿ ಜಾಕ್ಸನ್ ಸರಣಿ 2005ರಲ್ಲಿ ಆರಂಭವಾಯಿತು. ಅದರ ಲೋಕದಲ್ಲಿ ಜಾರ್ಜ್ ವಾಷಿಂಗ್ಟನ್ ಅಥೀನಾ ದೇವತೆಯ ಮಗ; ಎರಡನೆಯ ಮಹಾಯುದ್ಧ ಮೂಲತಃ ದೇವತೆಗಳ ಮಕ್ಕಳ ನಡುವಿನ ಕಲಹ. ಕಥೆಯ ಓಟದಲ್ಲಿ ಇದು ಚುರುಕಾದ ಹಾಸ್ಯವೇ ಸರಿ. ಆದರೆ ಮನುಷ್ಯರ ನಿರ್ಧಾರ, ಕ್ರೌರ್ಯ, ಹೊಣೆಗಳಿಂದಾದ ಚರಿತ್ರೆ ಇಲ್ಲಿ ರಕ್ತಸಂಬಂಧದ ಪರಿಣಾಮವಾಗಿಬಿಡುತ್ತದೆ. ಸಾಧಿಸಿದವನ ಸಾಧನೆಗೆ ಅವನ ಹುಟ್ಟೇ ವಿವರಣೆ. ಅಮೀಶ್ ತ್ರಿಪಾಠಿ ಅವರ ‘ದಿ ಇಮ್ಮಾರ್ಟಲ್ಸ್ ಆಫ್ ಮೆಲೂಹ’ (2010) ಎದುರು ದಿಕ್ಕಿನಲ್ಲಿ ನಡೆಯುತ್ತದೆ. ಅಲ್ಲಿ ಶಿವ ಕ್ರಿಸ್ತಪೂರ್ವ 1900ರ ಟಿಬೆಟ್ಟಿನ ಒಂದು ಬುಡಕಟ್ಟಿನ ನಾಯಕ. ನೀಲಿ ಕೊರಳು ಸೋಮರಸವೆಂಬ ಔಷಧದ ಫಲ. ಮೊದಲನೆಯದು ಚರಿತ್ರೆಯನ್ನು ಪುರಾಣಕ್ಕೆ ಏರಿಸಿದರೆ ಎರಡನೆಯದು ಪುರಾಣವನ್ನು ಚರಿತ್ರೆಗೆ ಇಳಿಸುತ್ತದೆ. ದಿಕ್ಕು ಬೇರೆಯಾದರೂ ಎರಡೂ ಅದ್ಭುತವನ್ನು ವಿವರಣೆಯಾಗಿಯೇ ದುಡಿಸಿಕೊಳ್ಳುತ್ತವೆ: ನಾಯಕ ಯಾಕೆ ಅಸಾಮಾನ್ಯ ಎಂಬುದಕ್ಕೆ ಒಂದು ಕಡೆ ವಂಶಾವಳಿ, ಇನ್ನೊಂದು ಕಡೆ ರಸಾಯನ.

ಕನ್ನಡಕ್ಕೆ ಈ ಬೆರಕೆ ಹೊಸದಲ್ಲ. ಹರಿಹರನ ‘ಬಸವರಾಜದೇವರ ರಗಳೆ’ ಹನ್ನೆರಡನೆಯ ಶತಮಾನದ ಬಸವಣ್ಣನನ್ನು ಕೈಲಾಸದ ವೃಷಭಮುಖನೆಂಬ ಗಣನನ್ನಾಗಿಸುತ್ತದೆ. ಮೇಲುನೋಟಕ್ಕೆ ಇದೂ ವಾಷಿಂಗ್ಟನ್ನನ ಪರಿಯೇ ಎನಿಸಬಹುದು; ಕಥೆಯೊಳಗೆ ಹೊಕ್ಕರೆ ಅಂತರ ತಿಳಿಯುತ್ತದೆ. ಶಿವನ ಪ್ರಸಾದವನ್ನು ಗಣಗಳಿಗೆ ಹಂಚುವ ವೃಷಭಮುಖ ಷಣ್ಮುಖನೊಬ್ಬನನ್ನು ಬಿಟ್ಟು, ಎಲ್ಲರಿಗೂ ಕೊಟ್ಟೆನೆನ್ನುತ್ತಾನೆ. ಆ ತಪ್ಪಿಗಾಗಿ ಭೂಮಿಯಲ್ಲಿ ಹುಟ್ಟಬೇಕಾಗುತ್ತದೆ. ಹಂಚುವಾಗ ಒಬ್ಬನನ್ನು ಮರೆತವನು ಯಾರನ್ನೂ ಬಿಡದ ದಾಸೋಹದಲ್ಲಿ ಆಯುಷ್ಯವನ್ನು ಸವೆಸುತ್ತಾನೆ. ಇಲ್ಲಿ ದೈವಿಕ ಮೂಲ ನಾಯಕನಿಗೆ ದೊರೆತ ಬಂಡವಾಳವಲ್ಲ, ಅವನ ಮೇಲಿರುವ ಋಣ. ಅದನ್ನು ತೀರಿಸಬೇಕಾದದ್ದು ಮಣ್ಣಿನ ಮೇಲೆ, ಕೆಲಸದಿಂದ. ಕಾರಣಪುರುಷನ ಕಲ್ಪನೆ ಮುಂದಿನ ಪುರಾಣಗಳಲ್ಲಿ ಮಹಿಮೆಯ ಪಟ್ಟಿಯಾಗಿ ಜಡ್ಡುಗಟ್ಟಿದ್ದುಂಟು. ಹರಿಹರನಲ್ಲಿ ಮಾತ್ರ ಅದು ಇನ್ನೂ ನೈತಿಕ ಪ್ರಶ್ನೆಯಾಗಿಯೇ ಇದೆ.

ಗಡಿನಾಡಿನ ಓದುಗನಿಗೆ ಇನ್ನೂ ಹತ್ತಿರದ ಕಥೆ ಗುಣಾಢ್ಯನದು. 1949ರಿಂದ ‘ಚಂದಮಾಮ’ ಓದಿದ ಕನ್ನಡದ ಮಕ್ಕಳಿಗೆ ಬೇತಾಳನನ್ನು ಹೊತ್ತ ರಾಜ ಚಿರಪರಿಚಿತ. ಹನ್ನೊಂದನೆಯ ಶತಮಾನದ ಕಾಶ್ಮೀರದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಆ ರಾಜನ ಊರು ಗೋದಾವರಿ ದಡದ ಪ್ರತಿಷ್ಠಾನ, ಎಂದರೆ ಮರಾಠವಾಡದ ಇಂದಿನ ಪೈಠಣ. ಅದೇ ಪ್ರತಿಷ್ಠಾನದ ಸಾತವಾಹನ ದೊರೆಯ ಮಂತ್ರಿ ಗುಣಾಢ್ಯ. ಅವನೂ ಶಾಪಗ್ರಸ್ತ ಗಣ. ಜಲಕ್ರೀಡೆಯಲ್ಲಿ ನೀರೆರಚಬೇಡವೆಂದು ರಾಣಿ ಸಂಸ್ಕೃತದಲ್ಲಿ ಹೇಳಿದ್ದನ್ನು ದೊರೆ ಮೋದಕವೆಂದು ಕೇಳಿಸಿಕೊಂಡು ನಗೆಪಾಟಲಾಗುತ್ತಾನೆ. ಆರು ವರ್ಷದಲ್ಲಿ ವ್ಯಾಕರಣ ಕಲಿಸುವೆನೆಂದ ಗುಣಾಢ್ಯನನ್ನು ಶರ್ವವರ್ಮ ಆರೇ ತಿಂಗಳಲ್ಲಿ ಕಲಿಸಿ ಸೋಲಿಸುತ್ತಾನೆ. ಪಣದಂತೆ ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ತೊರೆದ ಗುಣಾಢ್ಯ ಕಾಡಿಗೆ ಹೋಗಿ, ಪೈಶಾಚಿಯನ್ನು ಕಲಿತು, ಏಳು ಲಕ್ಷ ಶ್ಲೋಕಗಳ ಬೃಹತ್ಕಥೆಯನ್ನು ತನ್ನ ರಕ್ತದಿಂದ ಬರೆಯುತ್ತಾನೆ. ಪಿಶಾಚಿಗಳ ಭಾಷೆಯದೆಂದು ಅರಮನೆ ಅದನ್ನು ತಿರಸ್ಕರಿಸುತ್ತದೆ. ಅವನು ಒಂದೊಂದೇ ಹಾಳೆಯನ್ನು ಕಾಡಿನ ಪ್ರಾಣಿಗಳಿಗೆ ಓದಿ ಬೆಂಕಿಗೆ ಹಾಕುತ್ತಾನೆ. ಮೇವು ಮರೆತು ಆಲಿಸುವ ಪ್ರಾಣಿಗಳು ಸೊರಗುತ್ತವೆ. ಒಣಗಿದ ಮಾಂಸವನ್ನುಂಡು ಕಾಯಿಲೆ ಬಿದ್ದ ದೊರೆ ಕಾರಣ ಹುಡುಕಿಕೊಂಡು ಬರುವ ವೇಳೆಗೆ ಒಂದು ಲಕ್ಷ ಶ್ಲೋಕ ಮಾತ್ರ ಉಳಿದಿರುತ್ತದೆ.

ಕಿಶೋರ ಅದ್ಭುತಕಥನಕ್ಕೆ ಬೇಕಾದ ಶಾಪ, ಪಣ, ಕಾಡು, ಬೆಂಕಿ ಎಲ್ಲವೂ ಇಲ್ಲಿವೆ. ಆದರೆ ಕಥೆಯ ತಿರುಳು ಭಾಷೆಯ ಅಪಮಾನ. ಒಂದು ಪದ ತಪ್ಪಾಗಿ ಕೇಳಿಸಿ ನಾಚಿದ ಅನುಭವ, ಮನೆಯ ಮಾತನ್ನು ಬಾಗಿಲಾಚೆ ಆಡಲು ಹಿಂಜರಿದ ಅನುಭವ ದ್ವಿಭಾಷಿಕ ಮಗುವಿಗೆ ಯಾರೂ ವಿವರಿಸಬೇಕಾಗಿಲ್ಲ. ಚರಿತ್ರೆ ಇಲ್ಲಿ ಪುರಾಣವನ್ನು ಪ್ರಶ್ನಿಸಲೂ ಅನುವು ಕೊಡುತ್ತದೆ. ಸಾತವಾಹನರ ಶಾಸನಗಳ ಭಾಷೆ ಪ್ರಧಾನವಾಗಿ ಪ್ರಾಕೃತ. ಹಾಲನ ಹೆಸರಿನ ‘ಗಾಥಾಸಪ್ತಶತಿ’ ಮಹಾರಾಷ್ಟ್ರೀ ಪ್ರಾಕೃತದ್ದು. ಸಂಸ್ಕೃತ ಬಾರದೆಂದು ಸಾತವಾಹನ ದೊರೆ ನಾಚಿದ್ದು ಅವನ ಕಾಲಕ್ಕಿಂತ ಕಥೆ ಹೇಳಿದವರ ಕಾಲದ ನಾಚಿಕೆಯೆನ್ನಬೇಕು. ಈ ಬಿರುಕನ್ನು ಮುಚ್ಚದೆ ತೋರಿಸಬಲ್ಲ ಕಾದಂಬರಿ ಎಳೆಯ ಓದುಗರಿಗೆ ಚರಿತ್ರೆಯನ್ನೂ ಕಲಿಸೀತು, ಪುರಾಣವನ್ನೂ ಉಳಿಸೀತು. ಕನ್ನಡಕ್ಕೆ ಈ ಎಳೆ ಪರಕೀಯವೂ ಅಲ್ಲ: ಚಾಲುಕ್ಯ ಇಮ್ಮಡಿ ಜಯಸಿಂಹನ ಆಸ್ಥಾನದ ದುರ್ಗಸಿಂಹ ತನ್ನ ‘ಪಂಚತಂತ್ರ’ದ ಮೂಲವನ್ನು ವಸುಭಾಗಭಟ್ಟನ ಮೂಲಕ ಗುಣಾಢ್ಯನಿಗೇ ಒಯ್ದು ಮುಟ್ಟಿಸುತ್ತಾನೆ.

ಪವಾಡಗಳೂ ಈ ಸೀಮೆಯಲ್ಲಿ ಭಾಷೆಯ ಗಡಿಯನ್ನು ದಾಟಿವೆ. ಮರಾಠಿ ಪರಂಪರೆಯಲ್ಲಿ ಜ್ಞಾನೇಶ್ವರ ಪೈಠಣದಲ್ಲಿ ಕೋಣನ ಬಾಯಿಂದ ವೇದ ನುಡಿಸುತ್ತಾನೆ. ಶರಣ ಪರಂಪರೆಯಲ್ಲಿ ಹಾವಿನಹಾಳ ಕಲ್ಲಯ್ಯ ನಾಯಿಯಿಂದ ವೇದ ಹೇಳಿಸುತ್ತಾನೆ. ಯಾವುದು ಯಾವುದರಿಂದ ಬಂತೆಂಬ ಚರ್ಚೆಗಿಂತ, ಎರಡರಲ್ಲೂ ಅದ್ಭುತ ಸಂಭವಿಸುವ ಸ್ಥಳ ಒಂದೇ ಎಂಬುದು ಗಮನಾರ್ಹ: ವಿದ್ಯೆಯ ಬಾಗಿಲು ಮುಚ್ಚಿದ ಕಡೆ. ಉದಗೀರದ ಉತ್ತರಕ್ಕಿರುವ ಕಂಧಾರದ ಉರಿಲಿಂಗಪೆದ್ದಿಯ ಕಥೆಗೆ ಕೈಲಾಸದ ಪೀಠಿಕೆಯೂ ಬೇಕಿಲ್ಲ. ಕನ್ನ ಹಾಕಲು ಹೋದವನು ದೀಕ್ಷೆಯನ್ನು ಕಂಡು ಮನಸೋಲುತ್ತಾನೆ. ದಿನವೂ ಸೌದೆಯ ಹೊರೆ ತಂದು ಹಾಕಿ, ಕೂಲಿಯ ಬದಲು ದೀಕ್ಷೆ ಕೇಳುತ್ತಾನೆ. ಬೇಸತ್ತ ಗುರು ಎಸೆದ ಕಲ್ಲನ್ನೇ ಲಿಂಗವೆಂದು ಎತ್ತಿಕೊಳ್ಳುತ್ತಾನೆ. ಅಸ್ಪೃಶ್ಯನೆನಿಸಿದ ಆತ ಮುಂದೆ ಅದೇ ಗುರುವಿನ ಮಠಕ್ಕೆ ಒಡೆಯನಾದನೆಂದು ಪರಂಪರೆ ಹೇಳುತ್ತದೆ.

ಇಂಥ ಸಾಮಗ್ರಿಯಿಂದ ಕಿಶೋರ ಕಾದಂಬರಿ ಕಟ್ಟಹೊರಟವರಿಗೆ ಗಡಿನಾಡಿನಲ್ಲಿ ಒಂದು ಸುಲಭದ ಹಾದಿಯೂ ಕಾದಿದೆ: ಲಟ್ಟಲೂರಿನ ರಾಷ್ಟ್ರಕೂಟರನ್ನು ಅತಿಮಾನವರನ್ನಾಗಿಸಿ ಈ ನೆಲ ನಮ್ಮದೆಂದು ಸಾರುವುದು. 1760ರ ಉದಗೀರ ಕದನವನ್ನು ಹಿಡಿದು ಮರಾಠಿಯಲ್ಲೂ ಅಂಥದೇ ಕಥೆ ಬರೆಯಲು ಅಡ್ಡಿಯಿಲ್ಲ. ಎರಡೂ ಅದ್ಭುತವನ್ನು ಭೂಮಿಯ ಪಹಣಿಯಾಗಿಸುತ್ತವೆ. ಎರಡು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಒಂದನ್ನು ಆರಿಸೆಂದು ಆಜ್ಞಾಪಿಸುತ್ತವೆ. ಗುಣಾಢ್ಯನ ಪೈಶಾಚಿ ಇಂದು ಯಾವ ರಾಜ್ಯದ ಭಾಷೆಯೂ ಅಲ್ಲ. ಆದ್ದರಿಂದಲೇ ಅವನ ಕಥೆಯನ್ನು ಉದಗೀರದ ಮಗು ಕನ್ನಡದಲ್ಲಿ ಕೇಳಿ ಮರಾಠಿಯಲ್ಲಿ ಗೆಳೆಯನಿಗೆ ಹೇಳಬಹುದು. ಹೇಳುವಾಗ ಯಾವ ಭಾಷೆಗೂ ದ್ರೋಹ ಬಗೆದಂತಾಗುವುದಿಲ್ಲ.