ಸಂಪಿಗೆ ಅತ್ತರು, ಇಬ್ಬರಿಗೂ

ಸೆಂಟಿನ ಅಂಗಡಿಯ ಗಾಜಿನ ಕಪಾಟು ಸಾಮಾನ್ಯವಾಗಿ ಎರಡು ಪಾಲಾಗಿರುತ್ತದೆ. ಕಪ್ಪು, ಕಡುನೀಲಿ ಡಬ್ಬಿಗಳು ಗಂಡಸರಿಗೆ. ಹೂವಿನ ಚಿತ್ರವಿರುವ ತಿಳಿಗುಲಾಬಿ ಡಬ್ಬಿಗಳು ಹೆಂಗಸರಿಗೆ. ಮರ, ತೊಗಲು, ಹೊಗೆಸೊಪ್ಪು ಗಂಡಿನ ಪಾಲು, ಹೂವೆಲ್ಲ ಹೆಣ್ಣಿನ ಪಾಲು ಎಂಬ ಈ ವಿಂಗಡಣೆಯನ್ನು ಮಾಡಿದ್ದು ಮೂಗಲ್ಲ, ವ್ಯಾಪಾರ. ಅದನ್ನು ನಂಬಿಕೊಂಡು ನಮ್ಮ ಗಂಡಸರು ಸಂಪಿಗೆ ಅತ್ತರನ್ನು ಮೂಸಿ ಕೂಡ ನೋಡದೆ ಬಿಡುತ್ತಾರೆ. ಅವರಲ್ಲಿ ಬಹಳ ಮಂದಿಗೆ ಅದಕ್ಕಿಂತ ಚೆನ್ನಾಗಿ ಒಪ್ಪುವ ಪರಿಮಳ ಇನ್ನೊಂದಿಲ್ಲ ಎಂಬುದು ನನ್ನ ವಾದ.

ವಿಂಗಡಣೆ ಎಷ್ಟು ಪೊಳ್ಳು ಎಂಬುದಕ್ಕೆ ಫ್ರಾನ್ಸಿನ ಸುಗಂಧಗಳೇ ಸಾಕ್ಷಿ. 1966ರಲ್ಲಿ ಡಿಯೋರ್ ಸಂಸ್ಥೆ ಗಂಡಸರಿಗೆಂದೇ 'ಓ ಸೊವಾಜ್' ತಂದಿತು. ಅದನ್ನು ಹೆಣೆದ ಎಡ್ಮಂಡ್ ರುಡ್ನಿಟ್ಸ್ಕಾ ನಿಂಬೆಗಂಪಿನ ಅಡಿಯಲ್ಲಿ ಇಟ್ಟದ್ದು ಹೆಡಿಯೋನ್ ಎಂಬ ಮಲ್ಲಿಗೆಗಂಪಿನ ರಾಸಾಯನಿಕವನ್ನು. ಅಂದಿನಿಂದ ಗಂಡಸರ ಎಷ್ಟೋ ಸುಗಂಧಗಳಲ್ಲಿ ಅದು ಸೇರಿಕೊಂಡಿದೆ. ಹೂ ಬೇಡವೆನ್ನುವವರು ದಿನವೂ ಮಲ್ಲಿಗೆ ಹಚ್ಚಿಕೊಂಡೇ ಕಚೇರಿಗೆ ಹೋಗುತ್ತಿದ್ದಾರೆ. ಇದರ ತಿರುವುಮುರುವೂ ಉಂಟು. 1919ರಲ್ಲಿ ಕಾರೋನ್ ಸಂಸ್ಥೆ ಹೊರತಂದ 'ತಬಾ ಬ್ಲಾಂ' ತಂಬಾಕಿನ ಹೆಸರು ಹೊತ್ತು ಬಂದದ್ದು ಹೆಂಗಸರಿಗಾಗಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಕೊಣನೂರು ಕಡೆ ತಂಬಾಕು ಬೇಯಿಸುವ ಬ್ಯಾರನ್ನಿನ ಬಾಗಿಲು ತೆರೆದಾಗ ಬರುವ ಒಣಹುಲ್ಲಿನಂಥ ಸಿಹಿಗಮಲು ಎಲೆ ಕಟ್ಟುವ ಹೆಂಗಸರಿಗೂ ಅಷ್ಟೇ ಪರಿಚಿತ. ಅದು ಗಂಡಸಿನ ವಾಸನೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಾರರು.

ನಮ್ಮ ನಾಡಿನ ದಾಖಲೆ ಇನ್ನೂ ಸ್ಪಷ್ಟವಾಗಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ' ಅರಸನ ಭೋಗಗಳನ್ನು ಹೇಳುವಾಗ ಸ್ನಾನದ ಗಂಧತೈಲ, ಮೈಗೆ ಹಚ್ಚುವ ಲೇಪನ, ಧೂಪ, ಹೂಮಾಲೆಗಳಿಗೆ ಜಾಗ ಕೊಡುತ್ತದೆ. ಆಳುವ ಗಂಡಸಿಗೆ ಅದು ಕುಂದಲ್ಲ, ಲಕ್ಷಣ. ಅದಕ್ಕೂ ನೂರು ವರ್ಷ ಹಿಂದೆ ಚಾವುಂಡರಾಯನೆಂಬವನು ಕನ್ನಡದಲ್ಲೇ ಬರೆದ 'ಲೋಕೋಪಕಾರ'ದಲ್ಲಿ ಕೃಷಿ, ಅಡುಗೆ, ವೈದ್ಯದ ಜೊತೆ ಸುಗಂಧ ಕೂಡಿಸುವ ವಿದ್ಯೆಯೂ ಇದೆ. (ಗೊಮ್ಮಟನನ್ನು ನಿಲ್ಲಿಸಿದ ಗಂಗರ ಮಂತ್ರಿ ಚಾವುಂಡರಾಯ ಬೇರೆ.) ಆ ಗೊಮ್ಮಟನಾದರೂ ಏನು? ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕದಲ್ಲೂ ಹಾಲು, ಕಬ್ಬಿನ ಹಾಲು, ಅರಿಸಿನದ ಜೊತೆ ಶ್ರೀಗಂಧ, ಕೇಸರಿ, ಹೂಮಳೆ ಎಲ್ಲವೂ ಆ ಮೂರ್ತಿಯ ಮೇಲೆ ಇಳಿದವು. ಎಲ್ಲ ಅಲಂಕಾರ ಬಿಟ್ಟು ನಿಂತ ಗಂಡು ದೇಹಕ್ಕೆ ನಮ್ಮ ಜನ ಸಲ್ಲಿಸಿದ ಗೌರವ ಇದು.

ದೇವರ ಮಾತು ಬೇರೆ, ಮನುಷ್ಯರ ಮಾತು ಬೇರೆ. ಇಲ್ಲಿ ಹೂ ಮುಡಿಯುವವರು ಹೆಂಗಸರೇ ಅಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಮುಡಿಯುವುದು ಹೂವನ್ನು ಧರಿಸುವ ಒಂದು ರೀತಿ ಮಾತ್ರ. ಪರಿಮಳದ ಹಕ್ಕನ್ನು ಅದು ತೀರ್ಮಾನಿಸುವುದಿಲ್ಲ. ಹೊಳೆನರಸೀಪುರದ ಮದುವೆ ಛತ್ರದ ಬಾಗಿಲಲ್ಲಿ ಪನ್ನೀರುದಾನಿ ಹಿಡಿದವರು ಬಂದ ಬೀಗರಲ್ಲಿ ಗಂಡು ಯಾರು, ಹೆಣ್ಣು ಯಾರು ಎಂದು ನೋಡಿ ಚಿಮುಕಿಸುವುದಿಲ್ಲ. ಪನ್ನೀರು ಗುಲಾಬಿಯಿಂದ ಬಟ್ಟಿ ಇಳಿಸಿದ ನೀರು, ಅಪ್ಪಟ ಹೂವಿನ ಸುಗಂಧ. ಧಾರೆಯ ಹೊತ್ತಿಗೆ ಹೂಹಾರ ವಧುವಿನಷ್ಟೇ ವರನಿಗೂ ಸಲ್ಲುತ್ತದೆ. 1994ರಲ್ಲಿ 'ಸಿಕೆ ಒನ್' ಎಂಬ ಸುಗಂಧ ಇಬ್ಬರಿಗೂ ಒಂದೇ ಸೀಸೆ ಎಂದು ಸಾರಿದಾಗ ಪೇಟೆಗೆ ಅದು ಹೊಸತಾಗಿ ಕಂಡಿರಬಹುದು, ನಮಗಲ್ಲ.

ಸಂಪಿಗೆಯನ್ನೇ ನಾನು ಆರಿಸುವುದಕ್ಕೆ ಕಾರಣ ಅದರ ನಡೆ. ಕನೌಜಿನ ಅತ್ತರು ತಯಾರಕರ ಹಳೆಯ ಪದ್ಧತಿಯಲ್ಲಿ ತಾಮ್ರದ ಹಂಡೆಯಲ್ಲಿ ಹೂ ಕುದಿಸಿ, ಆ ಆವಿಯನ್ನು ಶ್ರೀಗಂಧದ ಎಣ್ಣೆಗೆ ಇಳಿಸುತ್ತಾರೆ. ಅಂದರೆ ಅತ್ತರಿನ ಒಡಲೇ ಮರ, ಹೂ ಅದರ ಮಾತು. ಮಲ್ಲಿಗೆ ಆಳು ಬರುವ ಮೊದಲೇ ಬಂದು ನಿಲ್ಲುತ್ತದೆ. ಸಂಪಿಗೆಯಲ್ಲಿ ಮಾಗಿದ ಹಣ್ಣಿನ ಛಾಯೆ, ತುಸು ಖಾರ, ಚಹಾ ಸೊಪ್ಪಿನ ಒಗರು ಇವೆ. ಸಿಹಿ ಇದ್ದರೂ ಓಲೈಸುವ ಸಿಹಿಯಲ್ಲ. ಅದು ನನ್ನ ಮನಸ್ಸಿಗೆ ತರುವ ವ್ಯಕ್ತಿ ಮಧ್ಯವಯಸ್ಸು ದಾಟಿದವರು, ಅಭಿಪ್ರಾಯ ಗಟ್ಟಿ, ದನಿ ಮೆಲ್ಲಗೆ, ಒಮ್ಮೆ ಒಪ್ಪಿದ ಕೆಲಸ ಬಿಡದವರು. ಅವರು ಅಮ್ಮನೋ ಅಪ್ಪನೋ ಎಂದು ಹೇಳಲು ಪರಿಮಳದಲ್ಲಿ ಏನೂ ಸಿಗುವುದಿಲ್ಲ. ಇಂಥ ಚಿತ್ರವೆಲ್ಲ ಜಾಹೀರಾತಿನವರ ಕಟ್ಟುಕಥೆ ಎಂಬ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ: ಸೀಸೆಯಲ್ಲಿ ಸ್ವಭಾವ ಇರುವುದಿಲ್ಲ. ಆದರೆ ಒಂದು ಕಂಪು ಮುನ್ನುಗ್ಗುತ್ತದೋ ಹಿಂದೆ ನಿಲ್ಲುತ್ತದೋ, ಬೇಗ ಆರುತ್ತದೋ ಸಂಜೆವರೆಗೆ ಉಳಿಯುತ್ತದೋ ಎಂಬುದನ್ನು ಯಾರು ಬೇಕಾದರೂ ತಮ್ಮ ಮಣಿಕಟ್ಟಿನ ಮೇಲೆ ಪರೀಕ್ಷಿಸಬಹುದು. ಮನುಷ್ಯರ ಗುಣವನ್ನೂ ನಾವು ನಡೆಯಿಂದಲೇ ತಿಳಿಯುತ್ತೇವೆ.

ಅಗ್ಗದ ಸೀಸೆಗಳಲ್ಲಿ ಸಂಪಿಗೆಯ ಹೆಸರಿನಲ್ಲಿ ಸಕ್ಕರೆ ಪಾಕದಂಥ ಕೃತಕ ದ್ರವ ಸಿಗುತ್ತದೆ. ಗಂಡಸರು ಹೂವಿಗೆ ಹೆದರಲು ಅದೂ ಒಂದು ಕಾರಣ. ಒಳ್ಳೆಯದು ಸಿಕ್ಕರೆ ಹನಿ ಲೆಕ್ಕದಲ್ಲೇ ಇರಲಿ. ಚನ್ನರಾಯಪಟ್ಟಣದ ಬಯಲು ಬಿಸಿಲಲ್ಲಿ ಅದು ಬೇಗ ಹರಡುತ್ತದೆ, ಕಿವಿಸಂದಿಯ ಹತ್ತಿಗೆ ಸೋಕಿಸಿದರೆ ಸಾಕು. ಅರಕಲಗೂಡಿನ ಮಳೆಗಾಲದ ತಂಪಿಗೆ ಎರಡೂ ಮಣಿಕಟ್ಟಿಗೆ ಹಚ್ಚಬಹುದು.